7 ಮೀಟರ್ ಗಾಡಿ, ಗೋವಾದ ಓಣಿ: ಮೋಟರ್‌ಹೋಮ್ ತಿರುಗಿಸುವುದು ಕಲಿಸಿಕೊಡಿ

ಕೋಥ್ರೂಡ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಕಡೆಯವನು, ಪುಣೆಗೆ ಬಂದು ಹದಿನಾರು ವರ್ಷ ಆಯಿತು. ಹೋದ ವರ್ಷ ಮಿನಿಬಸ್‌ನಿಂದ ಮಾಡಿದ ಒಂದು ಹಳೆ ಮೋಟರ್‌ಹೋಮ್ ತೆಗೆದುಕೊಂಡೆವು. ಅಮ್ಮನಿಗೆ ಮೊಣಕಾಲು ನೋವು. ಅಪ್ಪನಿಗೆ ಎರಡು ಗಂಟೆಗೊಮ್ಮೆ ಬಾತ್‌ರೂಮಿಗೆ ಹೋಗಬೇಕು. ದಾರಿಯಲ್ಲಿ ಎಲ್ಲಿ ಇಳಿಯುವುದು ಅಂತ ಹೆದರಿ ಅಮ್ಮ ಪ್ರಯಾಣದ ದಿನ ನೀರು ಕುಡಿಯುವುದನ್ನೇ ಬಿಡುತ್ತಿದ್ದರು. ಈ ಗಾಡಿ ಬಂದ ಮೇಲೆ ಇಬ್ಬರೂ ಮತ್ತೆ ಊರು ನೋಡುವ ಮಾತಾಡುತ್ತಿದ್ದಾರೆ. ಅದಕ್ಕೇ ಇದನ್ನು ಸರಿಯಾಗಿ ಓಡಿಸುವುದು ಕಲಿಯಲೇಬೇಕು.

ಗಾಡಿ ಉದ್ದ 7 ಮೀಟರ್. ಅಗಲ ಕನ್ನಡಿ ಬಿಟ್ಟು 2 ಮೀಟರಿಗಿಂತ ಸ್ವಲ್ಪ ಜಾಸ್ತಿ. ಮೇಲಿನ ಎ.ಸಿ. ಸೇರಿ ಎತ್ತರ 3.1 ಮೀಟರ್.

ಕಾರ್ಲಾ, ಮಹಾಬಳೇಶ್ವರಕ್ಕೆ ಹೋಗಿ ಬಂದಿದ್ದೇವೆ, ಏನೂ ತೊಂದರೆ ಆಗಲಿಲ್ಲ. ಮೇ ತಿಂಗಳಲ್ಲಿ ಉತ್ತರ ಗೋವಾದಲ್ಲಿ ಸಿಕ್ಕಿಹಾಕಿಕೊಂಡೆವು. ಫೋನಿನ ಮ್ಯಾಪ್ ದೊಡ್ಡ ರಸ್ತೆ ಬಿಡಿಸಿ ಹಳ್ಳಿಯ ಓಣಿಗೆ ಇಳಿಸಿತು. ಎರಡೂ ಕಡೆ ಚಿರೇಕಲ್ಲಿನ ಕಂಪೌಂಡು. ಒಂದು ಕಡೆ ಎಡಕ್ಕೆ ತಿರುಗಬೇಕಿತ್ತು. ಎಡಗನ್ನಡಿಯನ್ನೇ ನೋಡುತ್ತಾ ತಿರುಗಿಸಿದೆ. ಬಲಗಡೆಯ ಹಿಂದಿನ ಮೂಲೆ ಒಂದು ಮನೆಯ ಗೇಟಿನ ಕಂಬಕ್ಕೆ ಬಡಿಯಿತು. ಒಳಗಿಂದ ಒಬ್ಬರು ಅಜ್ಜಿ ಬಂದರು. ಬೈಯಲಿಲ್ಲ. ಅಮ್ಮನನ್ನು ಕರೆದು ಕೂರಿಸಿ ನೀರು ಕೊಟ್ಟರು. ಕಂಬದ ದುಡ್ಡು ಕೊಟ್ಟು ಬಂದೆವು, ಆದರೂ ಮನಸ್ಸಿಗೆ ಸಮಾಧಾನ ಇಲ್ಲ. ಅಲ್ಲಿಂದ ರಿವರ್ಸ್ ಬಂದು ದೊಡ್ಡ ರಸ್ತೆ ಸೇರುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಡಿಸೆಂಬರಿನಲ್ಲಿ ಮತ್ತೆ ಗೋವಾ, ಅಲ್ಲಿಂದ ಗೋಕರ್ಣ ಅಂತ ಇದೆ. ಎಡಕ್ಕೆ ತಿರುಗಿಸಿದರೆ ಬಲಗಡೆ ಯಾಕೆ ತಾಗಿತು? ಯಾವ ಘಾಟಿ ಇಳಿಯಬೇಕು? ಓಣಿಗೆ ನುಗ್ಗುವ ಮೊದಲೇ ಗೊತ್ತಾಗುವ ದಾರಿ ಏನಾದರೂ ಇದೆಯಾ?


ಡಿಪೋ ಮಗ, ಪಿಂಪ್ರಿ

ಸರ್, ಮೊದಲನೇ ಪ್ರಶ್ನೆಗೆ ಉತ್ತರ ನಮ್ಮ ಅಪ್ಪನದು. ಅವರು ಹುಬ್ಬಳ್ಳಿ ಕಡೆ 31 ವರ್ಷ ಸರ್ಕಾರಿ ಬಸ್ ಓಡಿಸಿದವರು. ಈಗ ನನ್ನ ಜೊತೆ ಇಲ್ಲೇ ಇದ್ದಾರೆ. ನಿಮ್ಮ ಪೋಸ್ಟ್ ಓದಿ ಹೇಳಿದೆ. "ಬಾಲ ಬೀಸಿದೆ" ಅಂದರು.

ಗಾಡಿ ತಿರುಗುವುದು ಹಿಂದಿನ ಚಕ್ರದ ಗೆರೆಯನ್ನು ಆಧಾರ ಮಾಡಿಕೊಂಡು. ಆ ಚಕ್ರದ ಹಿಂದೆ ಉಳಿದಿರುವ ಭಾಗ ಸ್ಟೇರಿಂಗ್ ತಿರುಗಿಸಿದ ಕಡೆಗೆ ಬರುವುದಿಲ್ಲ, ಅದರ ಉಲ್ಟಾ ಕಡೆಗೆ ಬೀಸುತ್ತದೆ. ಕಾರಿನಲ್ಲಿ ಆ ಭಾಗ ಚಿಕ್ಕದು, ಗೊತ್ತೇ ಆಗುವುದಿಲ್ಲ. ನಿಮ್ಮಂಥ ಗಾಡಿಯಲ್ಲಿ ಹಿಂದಿನ ಚಕ್ರದ ಆಚೆ ಸುಮಾರು 2 ಮೀಟರ್ ಇರುತ್ತದೆ. ಚಕ್ರದಿಂದ ಚಕ್ರಕ್ಕೆ ಇರುವ ಅಂತರದ ಶೇ. 60ರಷ್ಟು ಬಾಲಕ್ಕೆ ನಮ್ಮ ನಿಯಮದಲ್ಲೇ ಅವಕಾಶ ಇದೆ. ಅಂದರೆ 4 ಮೀಟರ್ ಅಂತರದ ಗಾಡಿಗೆ 2.4 ಮೀಟರ್ ತನಕ.

ಇದರ ಜೊತೆ ಇನ್ನೊಂದು ಆಗುತ್ತದೆ. ಹಿಂದಿನ ಚಕ್ರ ಮುಂದಿನ ಚಕ್ರ ಹೋದ ದಾರಿಯಲ್ಲೇ ಹೋಗುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಅದಕ್ಕೇ ಎಡ ತಿರುವಿನಲ್ಲಿ ಎಡಗಡೆ ಹಿಂದಿನ ಚಕ್ರ ಮೂಲೆಯ ಕಲ್ಲಿಗೆ ಹತ್ತುವುದು, ಬಲಗಡೆ ಬಾಲ ಗೋಡೆಗೆ ತಾಗುವುದು. ಎರಡೂ ಒಂದೇ ತಿರುವಿನಲ್ಲಿ ಆಗಬಹುದು. ಹಾಗಾಗಿ ಎರಡೂ ಕನ್ನಡಿ ನೋಡಬೇಕು. ಮೊದಲು ತಿರುಗುವ ಕಡೆಯದು, ಒಂದು ಕ್ಷಣ ಅದರ ಉಲ್ಟಾ ಕಡೆಯದು, ಮತ್ತೆ ತಿರುಗುವ ಕಡೆಯದು. ಗಾಡಿ ನಡಿಗೆಯ ವೇಗದಲ್ಲಿ ಇರಬೇಕು. ತಿರುವಿನ ಮುಂಚೆ ನೇರವಾಗಿ ಸ್ವಲ್ಪ ಜಾಸ್ತಿ ಮುಂದೆ ಹೋಗಿ, ಆಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿ. ಕಾರು ಓಡಿಸಿದವರ ಕೈ ಬೇಗ ತಿರುಗಿಸಿಬಿಡುತ್ತದೆ.

ಅಪ್ಪ ಹೊಸ ಡ್ರೈವರ್‌ಗಳಿಗೆ ಹೇಳಿಕೊಡುತ್ತಿದ್ದ ಒಂದು ಅಭ್ಯಾಸ ಇದೆ. ಖಾಲಿ ಮೈದಾನ ಹುಡುಕಿ. ಗಾಡಿ ನೇರ ನಿಲ್ಲಿಸಿ. ಬಲಗಡೆ ಬಾಡಿಯ ಅಂಚಿನ ಕೆಳಗೆ ರಂಗೋಲಿ ಪುಡಿಯಲ್ಲಿ ಉದ್ದಕ್ಕೆ ಗೆರೆ ಎಳೆಯಿರಿ. ಗೆರೆ ಗಾಡಿಯ ಹಿಂದೆ ಮುಂದೆ ಎರಡೂ ಕಡೆ ಚಾಚಿರಲಿ. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಮೆಲ್ಲಗೆ ಮುಂದೆ ಬನ್ನಿ. ಮನೆಯವರು ಯಾರಾದರೂ ದೂರ ನಿಂತು, ಹಿಂದಿನ ಮೂಲೆ ಗೆರೆ ದಾಟಿ ಎಷ್ಟು ಆಚೆ ಬಂತು ಅಂತ ನೋಡಲಿ. ಒಂದು ಗೇಣಿಗಿಂತ ಜಾಸ್ತಿನೇ ಬರುತ್ತದೆ. ಆ ಅಳತೆ ನಿಮ್ಮ ಗಾಡಿಯದು. ಅದನ್ನು ಬಾಯಿಪಾಠ ಮಾಡಿ. ಗೋಡೆಯ ಪಕ್ಕ ಅಷ್ಟು ಜಾಗ ಇಲ್ಲದಿದ್ದರೆ ಸ್ಟೇರಿಂಗ್ ಪೂರ್ತಿ ತಿರುಗಿಸಲೇಬೇಡಿ. ಮೊದಲು ನೇರ ಬಂದು ಗೋಡೆಯಿಂದ ಬಿಡಿಸಿಕೊಳ್ಳಿ.


ಡೊಂಬಿವಲಿ ಅಕ್ಕ

ನಾನು ಓಡಿಸುವುದಿಲ್ಲ. ನಮ್ಮ ಮನೆಯವರು ಓಡಿಸುತ್ತಾರೆ, ನಾನು ಇಳಿದು ದಾರಿ ತೋರಿಸುತ್ತೇನೆ. ಐದು ವರ್ಷದಿಂದ ಇದೇ ಕೆಲಸ. ಇದನ್ನು ಕೆಲಸ ಅಂತಲೇ ಹೇಳುತ್ತೇನೆ, ಯಾಕೆಂದರೆ ದೊಡ್ಡ ಗಾಡಿ ಒಬ್ಬರಿಂದ ಓಡುವುದಿಲ್ಲ ತಮ್ಮಾ. ಬಸ್ಸಿಗೆ ಕಂಡಕ್ಟರ್ ಇದ್ದ ಹಾಗೆ ನಿಮ್ಮ ಗಾಡಿಗೂ ಒಬ್ಬರು ಬೇಕು. ನಿಮ್ಮ ಪೋಸ್ಟಿನಲ್ಲಿ ಒಂದು ಮಾತು ನನಗೆ ಕಾಣಲಿಲ್ಲ. ಓಣಿಯಲ್ಲಿ ತಿರುಗಿಸುವಾಗ ಯಾರು ಕೆಳಗಿಳಿದಿದ್ದರು?

ನಮ್ಮ ನಿಯಮ ಇಷ್ಟೇ. ಅವರ ಕನ್ನಡಿಯಲ್ಲಿ ನಾನು ಕಾಣದಿದ್ದರೆ ಗಾಡಿ ನಿಲ್ಲಬೇಕು. ನಾನು ಹಿಂದೆ ನೇರ ನಿಲ್ಲುವುದಿಲ್ಲ, ಅದು ಅಪಾಯ. ಡ್ರೈವರ್ ಕಡೆಯ ಹಿಂದಿನ ಮೂಲೆಯಿಂದ ಆಚೆ, ಪಕ್ಕಕ್ಕೆ ನಿಲ್ಲುತ್ತೇನೆ. ಎಡಗಡೆ ಹಿಂದೆ ನೋಡಬೇಕಾದರೆ ಮೊದಲು ಗಾಡಿ ನಿಲ್ಲಿಸಿ, ಆಮೇಲೆ ಆ ಕಡೆ ಹೋಗಿ ನೋಡಿ ಬರುತ್ತೇನೆ. ನಾಲ್ಕೇ ಸನ್ನೆ: ಬಾ, ಈ ಕಡೆ, ಆ ಕಡೆ, ನಿಲ್ಲು. "ನಿಲ್ಲು" ಅಂದರೆ ಎರಡೂ ಕೈ ಮೇಲೆ. ಬಾಯಲ್ಲಿ "ಹೋಲ್ಡಾನ್" ಅಂತ ಕೂಗುತ್ತೇನೆ. ಆ ಮಾತಿಗೆ ಇಬ್ಬರಿಗೂ ಚಿಕ್ಕಂದಿನಿಂದ ಬಸ್ಸಿನ ಅಭ್ಯಾಸ ಇದೆ, ಕಾಲು ತಾನಾಗೇ ಬ್ರೇಕ್ ಮೇಲೆ ಹೋಗುತ್ತದೆ. "ಬರಲಿ ಬರಲಿ" ಅಂತ ಸುಮ್ನೆ ಕೂಗುವುದಿಲ್ಲ. ದಾರಿಯಲ್ಲಿ ಹೋಗುವವರು ನಾಲ್ಕು ಜನ ಸೇರಿ ನಾಲ್ಕು ದಿಕ್ಕಿಗೆ ಕೈ ತೋರಿಸುತ್ತಾರೆ. ಅವರು ಒಳ್ಳೆಯದಕ್ಕೇ ಮಾಡುವುದು. ಆದರೆ ಡ್ರೈವರ್ ನೋಡಬೇಕಾದ್ದು ಒಬ್ಬರನ್ನೇ.

ಮೇಲೆ ನೋಡುವುದು ಮರೆಯಬೇಡಿ. ಕಣ್ಣು ಯಾವಾಗಲೂ ನೆಲದ ಮಟ್ಟದಲ್ಲೇ ಇರುತ್ತದೆ. ಗೋವಾದ ಒಳದಾರಿಯಲ್ಲಿ ವೈರು, ಮಾವಿನ ಕೊಂಬೆ, ಹೊರಗೆ ಚಾಚಿದ ಹಂಚಿನ ಮಾಡು ಇರುತ್ತವೆ. 3.1 ಮೀಟರ್ ಅಂತ ದೊಡ್ಡದಾಗಿ ಬರೆದು ಸ್ಟೇರಿಂಗ್ ಎದುರಿಗೆ ಅಂಟಿಸಿ.

ಇನ್ನೊಂದು ನಮ್ಮದೇ ಅನುಭವ. ದಾಭೋಳದಿಂದ ಧೋಪಾವೆಗೆ ಫೆರ್ರಿಯಲ್ಲಿ ಗಾಡಿ ದಾಟಿಸಿದೆವು. ನೀರು ಇಳಿದ ಹೊತ್ತು. ರ‍್ಯಾಂಪ್ ಜಾಸ್ತಿ ಇಳಿಜಾರಾಗಿತ್ತು. ಮುಂದಿನ ಚಕ್ರ ಮೇಲೆ ಹತ್ತಿತು, ಹಿಂದಿನ ಬಾಲ ಕಾಂಕ್ರೀಟಿಗೆ ಉಜ್ಜಿತು. ನೀರಿನ ಪೈಪ್ ಕಿತ್ತುಹೋಯಿತು. ಫೆರ್ರಿಯವರ ತಪ್ಪಲ್ಲ, ನಾವು ಭರತದ ಹೊತ್ತು ಕೇಳಿಕೊಂಡು ಬರಬೇಕಿತ್ತು. ಆವತ್ತಿನಿಂದ ಫೆರ್ರಿ ಇದ್ದರೆ ಮೊದಲು ನಾನು ನಡೆದು ಹೋಗಿ ರ‍್ಯಾಂಪ್ ನೋಡಿ ಬರುತ್ತೇನೆ.


ವಾಸ್ಕೋ ಹುಡುಗ

ನಾನು ಹುಟ್ಟಿದ್ದು ಬೆಳೆದದ್ದು ವಾಸ್ಕೋದಲ್ಲೇ. ಅಪ್ಪ ಅಮ್ಮ ಬಾಗಲಕೋಟೆಯವರು. ಟೂರಿಸ್ಟ್ ಗಾಡಿ ಓಡಿಸುತ್ತೇನೆ.

ಅಣ್ಣಾ, ಓಣಿಗೆ ನುಗ್ಗುವ ಮೊದಲು ಒಂದೇ ಪ್ರಶ್ನೆ ಕೇಳಿ: "ಈ ದಾರಿಯಲ್ಲಿ ಬಸ್ ಹೋಗುತ್ತಾ?" ಮಹಾರಾಷ್ಟ್ರದಲ್ಲಿ ಎಸ್‌ಟಿ ಹೋಗುತ್ತಾ ಅಂತ ಕೇಳಿ, ಗೋವಾದಲ್ಲಿ ಕದಂಬ ಹೋಗುತ್ತಾ ಅಂತ ಕೇಳಿ. ಎರಡೂ ಅಲ್ಲಲ್ಲಿನ ಸರ್ಕಾರಿ ಬಸ್. ಬಸ್ ಹೋಗುವ ದಾರಿಯಲ್ಲಿ ನಿಮ್ಮ ಗಾಡಿ ಹೋಗೇ ಹೋಗುತ್ತದೆ. "ಗಾಡಿ ಹೋಗುತ್ತಾ" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ, ಅವರ ತಲೆಯಲ್ಲಿ ಕಾರು ಇರುತ್ತದೆ. ಫೋನಿನ ಮ್ಯಾಪಿಗೂ ನಿಮ್ಮ ಉದ್ದ, ಎತ್ತರ ಗೊತ್ತಿಲ್ಲ. ಎರಡು ನಿಮಿಷ ಉಳಿಯುತ್ತದೆ ಅಂತ ಅದು ಓಣಿಗೆ ಕಳಿಸುತ್ತದೆ. ಹಿಂದಿನ ರಾತ್ರಿ ಉಪಗ್ರಹ ಚಿತ್ರ ತೆರೆದು ಕೊನೆಯ 5 ಕಿ.ಮೀ. ಬೆರಳಿನಲ್ಲಿ ಎಳೆದು ನೋಡಿ. ರಸ್ತೆ ಮರಗಳ ಕೆಳಗೆ ಮಾಯವಾದರೆ ಆ ಕಡೆ ಬೇಡ.

ಪಣಜಿಯ ಫೊಂಟೈನ್ಹಾಸ್, ಅಸಗಾಂವ್ ಒಳಗಿನ ಓಣಿಗಳು, ಹಳೆಯ ವಾಡೆಗಳು (ಕೇರಿಗಳು), ಇವಕ್ಕೆಲ್ಲ ಗಾಡಿ ಬೇಡವೇ ಬೇಡ. ದೊಡ್ಡ ರಸ್ತೆಯ ಹತ್ತಿರ ಅಗಲ ಗೇಟ್ ಇರುವ ಜಾಗದಲ್ಲಿ ನಿಲ್ಲಿಸಿ, ಅಲ್ಲಿಂದ ಟ್ಯಾಕ್ಸಿ ಅಥವಾ ಬಾಡಿಗೆ ಸ್ಕೂಟರ್. ಉಳಿಯುವ ಕಡೆ ಫೋನ್ ಮಾಡಿದಾಗ ಗೇಟಿನ ಅಗಲ ಅಳೆದು ಹೇಳಲು ಕೇಳಿ. ಗೇಟಿನ ಎದುರು ರಸ್ತೆ ಎಷ್ಟು ಅಗಲ ಅಂತಲೂ ಕೇಳಿ. ರಸ್ತೆ ಸಣ್ಣದಾದರೆ ಗೇಟ್ ಎಷ್ಟು ದೊಡ್ಡದಿದ್ದರೂ ತಿರುಗುವುದಿಲ್ಲ.

ಬೀಚಿನ ಮರಳಿಗೆ ಗಾಡಿ ಇಳಿಸುವುದು ಕಾನೂನಿಗೆ ವಿರುದ್ಧ. ಹಾಗೇ ರಸ್ತೆ ಬದಿಯಲ್ಲಿ, ಬಯಲಲ್ಲಿ ಒಲೆ ಹೊತ್ತಿಸಿ ಅಡುಗೆ ಮಾಡುವುದಕ್ಕೂ ಗೋವಾದಲ್ಲಿ ನಿಷೇಧ ಇದೆ, ದಂಡ ಹಾಕುತ್ತಾರೆ. ಕೊಳಕು ನೀರಿನ ಟ್ಯಾಂಕ್ ದಯವಿಟ್ಟು ಗದ್ದೆಗೆ, ಹಳ್ಳಕ್ಕೆ ಬಿಡಬೇಡಿ. ಇಲ್ಲಿನ ಜನಕ್ಕೆ ಟೂರಿಸ್ಟ್ ಗಾಡಿ ಮೇಲೆ ಸಿಟ್ಟು ಬರುವುದು ಇದಕ್ಕೇ, ನ್ಯಾಯವಾದ ಸಿಟ್ಟು.

ಮ್ಯಾಪಿನಲ್ಲಿ "ಅಟಲ್ ಸೇತು" ಅಂತ ಹಾಕುವಾಗ ಹುಷಾರು. ಪಣಜಿಯಲ್ಲಿ ಮಾಂಡವಿ ಮೇಲಿನದು 2019ರದು, ಮುಂಬೈನದು 2024ರದು. ಎರಡಕ್ಕೂ ಒಂದೇ ಹೆಸರು.


ಬೆಳಗಾವಿ ಟು ಬಾಣೇರ್

ಘಾಟಿ ಬಗ್ಗೆ ನಾನು ಹೇಳುತ್ತೇನೆ. ಬೆಳಗಾವಿಯಿಂದ ಚೋರ್ಲಾ ಹಿಡಿಯಿರಿ. ಜಾಂಬೋಟಿ, ಕಣಕುಂಬಿ, ಚೋರ್ಲಾ, ಕೆರಿ, ಸಾಖಳಿ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ಜಾಗ ಇದೆ, ತಂದೆ ತಾಯಿಗೆ ತೋರಿಸಬಹುದು. ಬೆಳಗಾವಿಯಲ್ಲಿ ಕುಂದಾ ತೆಗೆದುಕೊಳ್ಳಬಹುದು. ಕಾಡು ತುಂಬಾ ಚೆಂದ. ನಾನು ಟೆಂಪೋ ಟ್ರಾವೆಲರ್‌ನಲ್ಲಿ ಎಷ್ಟೋ ಸಲ ಹೋಗಿದ್ದೇನೆ.


ವಾಸ್ಕೋ ಹುಡುಗ

ಚೋರ್ಲಾ ಚೆಂದ, ಒಪ್ಪುತ್ತೇನೆ. ಆದರೆ ನೀವು ಟ್ರಾವೆಲರ್‌ನಲ್ಲಿ ಕೂತು ಹೋದದ್ದೋ, ಓಡಿಸಿದ್ದೋ? ಒಳಗೆ ಪಾತ್ರೆ, ಫ್ರಿಜ್, ನೀರಿನ ಟ್ಯಾಂಕ್ ಇರುವ ಗಾಡಿ ಬೇರೆ. ಮಳೆಗಾಲ ಮುಗಿದ ಮೇಲೆ ಆ ರಸ್ತೆಯ ಅಂಚು ಕಿತ್ತುಹೋಗಿರುತ್ತದೆ. ಎದುರಿಗೆ ಗಾಡಿ ಬಂದಾಗ ಎಡಚಕ್ರ ಕೆಳಗಿಳಿಸಬೇಕಾಗುತ್ತದೆ. ದೊಡ್ಡ ಗಾಡಿಗಳಿಗೆ ಆಗಾಗ ನಿರ್ಬಂಧ ಹಾಕುತ್ತಾರೆ, ಹೊರಡುವ ಮುಂಚೆ ವಿಚಾರಿಸಲೇಬೇಕು. ಹೊಸಬರಿಗೆ ನನ್ನ ಮಾತು ಅಂಬೋಲಿ. ಸಂಕೇಶ್ವರದಲ್ಲಿ ಹೈವೇ ಬಿಟ್ಟು ಗಡಹಿಂಗ್ಲಜ್, ಆಜರಾ, ಅಂಬೋಲಿ, ಸಾವಂತವಾಡಿ, ಬಾಂದಾ. ಬಾಂದಾದಿಂದ ನೇರ 66ನೇ ಹೆದ್ದಾರಿ. ತಿರುವುಗಳು ಇವೆ, ಆದರೆ ಎಸ್‌ಟಿ ಓಡುವ ರಸ್ತೆ.


ಬೆಳಗಾವಿ ಟು ಬಾಣೇರ್

ಕೂತು ಹೋದದ್ದೇ. ಸರಿ, ನಿಮ್ಮ ಮಾತು ಒಪ್ಪಿದೆ. ಕುಂದಾ ಮಾತ್ರ ವಾಪಸ್ ಬರುವಾಗ ತಪ್ಪಿಸಬೇಡಿ.


ಡಿಪೋ ಮಗ, ಪಿಂಪ್ರಿ

ಘಾಟಿ ಇಳಿಯುವುದರ ಬಗ್ಗೆ ಅಪ್ಪ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾರೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಗೇರ್ ಇಳಿಸುವುದು ಇಳಿಜಾರು ಶುರುವಾಗುವ ಮುಂಚೆ, ಅರ್ಧ ಇಳಿದ ಮೇಲೆ ಅಲ್ಲ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬಿಸಿ ಏರುತ್ತಾ ಹೋಗುತ್ತದೆ. ಬ್ರೇಕ್ ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹಳೆ ಆಯಿಲ್ ಗಾಳಿಯ ತೇವ ಹೀರಿಕೊಂಡಿರುತ್ತದೆ, ಬೇಗ ಕುದಿಯುತ್ತದೆ. ನೀವು ಹಳೆ ಗಾಡಿ ತೆಗೆದುಕೊಂಡಿದ್ದೀರಿ. ಆಯಿಲ್ ಯಾವಾಗ ಬದಲಿಸಿದ್ದು ಅಂತ ಗೊತ್ತಿಲ್ಲದಿದ್ದರೆ ಈ ವಾರವೇ ಬದಲಿಸಿ.

ನ್ಯೂಟ್ರಲ್ ಹಾಕುವುದಾಗಲಿ, ಎಂಜಿನ್ ಬಂದ್ ಮಾಡುವುದಾಗಲಿ ಬೇಡವೇ ಬೇಡ. ನೀವು ಕೋಥ್ರೂಡಿನವರು, ವಾಪಸ್ ಬರುವಾಗ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಗೆ ಇಳಿಯಲೇಬೇಕು. ಆ ಇಳಿಜಾರು ಉದ್ದ, ನೋಡುವುದಕ್ಕೆ ಘಾಟಿ ಅನ್ನಿಸುವುದಿಲ್ಲ. 2022ರ ನವೆಂಬರಿನಲ್ಲಿ ಅಲ್ಲೇ ಒಂದು ಟ್ರಕ್ ಹತ್ತಾರು ವಾಹನಗಳಿಗೆ ಗುದ್ದಿದ್ದು. ಮನೆ ಹತ್ತಿರ ಬಂತು ಅನ್ನುವ ಹೊತ್ತಿಗೆ ಕಣ್ಣು ದಣಿದಿರುತ್ತದೆ. ಸುರಂಗ ಬರುವ ಮುಂಚೆ ಒಂದು ಚಹಾ ಕುಡಿಯಿರಿ ಅಂತ ಅಪ್ಪ ಹೇಳುತ್ತಿದ್ದಾರೆ.

ಕಿರಿದಾದ ಘಾಟಿಯಲ್ಲಿ ಹತ್ತುವ ಗಾಡಿಗೆ ದಾರಿ ಬಿಡಬೇಕು, ಇಳಿಯುವವರು ನಿಲ್ಲಬೇಕು. ಇದು ಕಾನೂನಿನಲ್ಲೂ ಇದೆ. ಹೇರ್‌ಪಿನ್ ತಿರುವಿಗೆ ಬರುವ ಮುಂಚೆ ಹಾರ್ನ್ ಹೊಡೆದು, ಬಸ್ ಬರುತ್ತಿದ್ದರೆ ಮೇಲೆಯೇ ನಿಂತು ಅದನ್ನು ಬಿಟ್ಟು ಇಳಿಯಿರಿ. ತಿರುವಿನ ನಡುವೆ ಎರಡು ದೊಡ್ಡ ಗಾಡಿ ಸೇರಿದರೆ ಹಿಂದೆ ನೂರು ಗಾಡಿ ಸಾಲು ನಿಲ್ಲುತ್ತವೆ.

ಹಿಂದೆ ಗಾಡಿಗಳು ಸಾಲುಗಟ್ಟಿದರೆ ಅಗಲ ಜಾಗ ನೋಡಿ ಪಕ್ಕಕ್ಕೆ ನಿಂತು ಬಿಟ್ಟುಕೊಡಿ. ಐದು ನಿಮಿಷ ಹೋಗುತ್ತದೆ, ಆದರೆ ಬೆನ್ನ ಹಿಂದೆ ಹಾರ್ನ್ ಇಲ್ಲದೆ ನೆಮ್ಮದಿಯಾಗಿ ಇಳಿಯಬಹುದು.


ಡೊಂಬಿವಲಿ ಅಕ್ಕ

ಡಿಪೋ ಮಗ ಅವರೇ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ನೀರಿನ ಮಾತು ಬಂತಲ್ಲ, ಒಂದು ಸೇರಿಸುತ್ತೇನೆ. 100 ಲೀಟರ್ ಟ್ಯಾಂಕ್ ಅಂದರೆ 100 ಕೆ.ಜಿ. ತೂಕ. ಅರ್ಧ ತುಂಬಿದ್ದರೆ ತಿರುವಿನಲ್ಲಿ ಆ ಕಡೆ ಈ ಕಡೆ ತುಳುಕುತ್ತದೆ, ಗಾಡಿ ಓಲಾಡಿದ ಹಾಗೆ ಆಗುತ್ತದೆ. ನಾವು ಘಾಟಿಗೆ ಮುಂಚೆ ಬಾತ್‌ರೂಮಿಗೆ ಬೇಕಾದಷ್ಟು ನೀರು ಮಾತ್ರ ಇಟ್ಟುಕೊಂಡು, ಇಳಿದ ಮೇಲೆ ತುಂಬಿಸುತ್ತೇವೆ. ಭಾರದ ಸಾಮಾನೆಲ್ಲ ಕೆಳಗೆ, ಹಿಂದಿನ ಚಕ್ರದ ಮುಂದೆ. ಹಿಂದಿನ ಡಿಕ್ಕಿಯಲ್ಲಿ ತುಂಬಿದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಹಿಡಿತ ಸಿಗುವುದಿಲ್ಲ. ಗಾಡಿ ಓಡುವಾಗ ಗ್ಯಾಸ್ ಸಿಲಿಂಡರಿನಲ್ಲೇ ಬಂದ್ ಇರಬೇಕು.

ಮತ್ತೆ ದಯವಿಟ್ಟು, ಗಾಡಿ ಓಡುವಾಗ ಅಮ್ಮನನ್ನು ಮಂಚದ ಮೇಲೆ ಮಲಗಲು ಬಿಡಬೇಡಿ. ಬಾತ್‌ರೂಮಿಗೆ ಏಳಲೂ ಬಿಡಬೇಡಿ. ಅವರಿಗೆ ಬೇಕಾದಾಗ ನೀವು ಗಾಡಿ ನಿಲ್ಲಿಸಬೇಕು. ಬೆಲ್ಟ್ ಇರುವ ಸೀಟಿನಲ್ಲೇ ಕೂರಬೇಕು. ಮನೆಯ ಹಾಗೆ ಕಾಣುತ್ತದೆ, ಅದಕ್ಕೇ ಮರೆಯುತ್ತೇವೆ. ಒಂದು ಜೋರು ಬ್ರೇಕಿಗೆ ಮಲಗಿದವರು ಮುಂದಿನ ಕಪಾಟಿಗೆ ಬಂದು ಬೀಳುತ್ತಾರೆ. ನಮ್ಮ ಮಾವನವರಿಗೆ ಹಾಗೆ ಆಗಿ ಭುಜ ಮುರಿಯಿತು. ಎಂಟು ವಾರ ಅವರ ನೋವು ನೋಡಿದ್ದೇನೆ.


ಮಾಟುಂಗಾ ಮಾಮ

ಚರ್ಚೆ ಓದಿ ತುಂಬಾ ಉಪಯೋಗ ಆಯಿತು. ನಾವು ಮುಂಬೈನಿಂದ ಗಣಪತಿಪುಳೆಗೆ ಇಂಥದ್ದೇ ಗಾಡಿ ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆಯಲ್ಲಿದ್ದೇವೆ. ಮುಂಬೈನವರಿಗೆ ನನ್ನ ಸಲಹೆ, ಗಾಡಿಯನ್ನು ಮನೆ ಬಾಗಿಲಿಗೆ ಕರೆಸಬೇಡಿ. ಮಾಟುಂಗಾ, ದಾದರ್ ಗಲ್ಲಿಗಳಲ್ಲಿ ಎರಡೂ ಬದಿ ಕಾರು ನಿಂತಿರುತ್ತವೆ. ಲಗೇಜು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಪನ್ವೇಲಿಗೆ ಹೋಗಿ ಅಲ್ಲಿ ಹತ್ತಿ. ಮಳೆಗಾಲದಲ್ಲಿ ಅಂಧೇರಿ, ಮಿಲನ್ ಸಬ್‌ವೇಗಳಲ್ಲಿ ನೀರು ನಿಲ್ಲುತ್ತದೆ, ಅದೂ ಬೇಡ.

66ನೇ ಹೆದ್ದಾರಿಯಲ್ಲಿ ನಾನು ರಾತ್ರಿ ಹೋಗುವುದಿಲ್ಲ. 2016ರ ಆಗಸ್ಟ್ 2ರ ರಾತ್ರಿ ಮಹಾಡ್ ಹತ್ತಿರ ಸಾವಿತ್ರಿ ನದಿಯ ಹಳೆ ಕಲ್ಲಿನ ಸೇತುವೆ ಪ್ರವಾಹಕ್ಕೆ ಕೊಚ್ಚಿಹೋಯಿತು. ಎರಡು ಎಸ್‌ಟಿ ಬಸ್ಸುಗಳೂ ಹೋದವು. ಈಗ ಹೊಸ ಸೇತುವೆ ಇದೆ, ಕಶೇಡಿಯಲ್ಲಿ ಸುರಂಗವೂ ಬಂದಿದೆ. ಆದರೂ ಆ ಜಾಗ ದಾಟುವಾಗ ಪ್ರತಿ ಸಲ ಮನಸ್ಸು ಭಾರವಾಗುತ್ತದೆ.

ನನ್ನ ಪ್ರಶ್ನೆ: ಮಗನಿಗೆ ಕಾರಿನ ಲೈಸೆನ್ಸ್ ಮಾತ್ರ ಇದೆ. ಓಡಿಸಬಹುದಾ?


ಡಿಪೋ ಮಗ, ಪಿಂಪ್ರಿ

ಮಾಮ, ಗಾಡಿಯ ಒಟ್ಟು ತೂಕ 7,500 ಕೆ.ಜಿ. ಒಳಗಿದ್ದರೆ ಎಲ್‌ಎಂವಿ ಲೈಸೆನ್ಸ್, ಅಂದರೆ ಕಾರಿನದೇ, ಸಾಕು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಆ ತೂಕದ ಒಳಗಿನ ಟ್ರಾನ್ಸ್‌ಪೋರ್ಟ್ ವಾಹನಕ್ಕೂ ಅದೇ ಲೈಸೆನ್ಸ್ ನಡೆಯುತ್ತದೆ ಅಂತ ಹೇಳಿತು. ತೂಕ ಆರ್‌ಸಿಯಲ್ಲಿ ಬರೆದಿರುತ್ತದೆ. ಕನ್ನಡಿಗ ಸರ್, ನೀವೂ ಆರ್‌ಸಿ ತೆಗೆದು ನೋಡಿ. ಮಿನಿಬಸ್‌ನಿಂದ ಬದಲಾಯಿಸಿದ್ದು ಅದರಲ್ಲಿ ದಾಖಲಾಗಿರಬೇಕು. ಇಲ್ಲದಿದ್ದರೆ ಅಪಘಾತ ಆದಾಗ ವಿಮೆಗೆ ಕಷ್ಟ.

ಆದರೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಮೊದಲ ದಿನವೇ ಘಾಟಿ ಬೇಡ. ಒಂದು ಭಾನುವಾರ ಮೈದಾನದಲ್ಲಿ ರಂಗೋಲಿ ಹಾಕಲಿ.


ಕೋಥ್ರೂಡ್ ಕನ್ನಡಿಗ

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು. ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ: ಆವತ್ತು ಯಾರೂ ಕೆಳಗಿಳಿದಿರಲಿಲ್ಲ. ಹೆಂಡತಿ ಇಳಿಯುತ್ತೇನೆ ಅಂದಳು, ನಾನೇ ಬೇಡ ಅಂದೆ. ಅದು ನನ್ನ ತಪ್ಪು.

ಎರಡು ಭಾನುವಾರ ಮೈದಾನಕ್ಕೆ ಹೋದೆವು. ರಂಗೋಲಿ ಗೆರೆ ಎಳೆದೆವು. ಬಾಲ ಗೆರೆಯಿಂದ 29 ಸೆಂ.ಮೀ. ಆಚೆ ಬಂತು, ಅಮ್ಮನೇ ಟೇಪ್ ಹಿಡಿದು ಅಳೆದರು. ಗೋವಾದ ಆ ಕಂಬಕ್ಕೂ ಗಾಡಿಗೂ ನಡುವೆ ಅಷ್ಟು ಜಾಗ ಇರಲೇ ಇಲ್ಲ ಅಂತ ಈಗ ಅರ್ಥ ಆಗುತ್ತದೆ. ಇಟ್ಟಿಗೆ ಇಟ್ಟು ರಿವರ್ಸ್ ಅಭ್ಯಾಸ ಮಾಡಿದೆವು. ಮೊದಲ ದಿನ ಹೆಂಡತಿಯ ಸನ್ನೆ ನನಗೆ ತಿಳಿಯುತ್ತಿರಲಿಲ್ಲ, ಎರಡನೇ ದಿನ ಮಾತೇ ಬೇಕಾಗಲಿಲ್ಲ. ಬ್ರೇಕ್ ಆಯಿಲ್ ಬದಲಿಸಿದೆ, ತೆಗೆದದ್ದು ಕಪ್ಪಾಗಿತ್ತು. ಆರ್‌ಸಿಯಲ್ಲಿ ಬದಲಾವಣೆ ದಾಖಲಾಗಿದೆ.

ಹೋಗುವಾಗ ಅಂಬೋಲಿ. ಬರುವಾಗ ಗೋಕರ್ಣದಿಂದ ಅಂಕೋಲಾ, ಯಲ್ಲಾಪುರ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ. ಕುಂದಾ ತಪ್ಪುವುದಿಲ್ಲ.


ಕೋಥ್ರೂಡ್ ಕನ್ನಡಿಗ

ಡಿಸೆಂಬರ್. ಮಾಪುಸಾ ಹತ್ತಿರದಿಂದ ಬರೆಯುತ್ತಿದ್ದೇನೆ. ಅಂಬೋಲಿ ಎರಡನೇ ಗೇರಿನಲ್ಲಿ ಇಳಿದೆವು. ಮೂರು ಸಲ ಪಕ್ಕಕ್ಕೆ ನಿಂತು ದಾರಿ ಬಿಟ್ಟೆವು. ಒಂದು ಹೇರ್‌ಪಿನ್ ಮುಂಚೆ ಕೆಳಗಿಂದ ಎಸ್‌ಟಿ ಹತ್ತಿ ಬರುತ್ತಿತ್ತು, ಮೇಲೆಯೇ ನಿಂತೆ. ಆ ಡ್ರೈವರ್ ಹೋಗುವಾಗ ಕೈ ಎತ್ತಿ ಹೋದರು. ಕೆಳಗೆ ಇಳಿದು ಚಕ್ರದ ಹತ್ತಿರ ಮೂಗಿಟ್ಟು ನೋಡಿದೆ, ಸುಟ್ಟ ವಾಸನೆ ಇರಲಿಲ್ಲ.

ಇವತ್ತು ಬೆಳಿಗ್ಗೆ ಗಾಡಿಯನ್ನು ದೊಡ್ಡ ರಸ್ತೆಯ ಬದಿ ಅಂಗಳದಲ್ಲಿ ಬಿಟ್ಟು, ಟ್ಯಾಕ್ಸಿಯಲ್ಲಿ ಆ ಅಜ್ಜಿಯ ಮನೆಗೆ ಹೋದೆವು. ಧಾರವಾಡ ಪೇಡಾ ಕೊಟ್ಟೆವು. ಕಂಬ ಹೊಸದಾಗಿ ಕಟ್ಟಿಸಿದ್ದಾರೆ, ಸುಣ್ಣ ಬಳಿದಿದ್ದಾರೆ. ಅಮ್ಮನಿಗೆ ಕೊಂಕಣಿ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಇಬ್ಬರೂ ಒಂದು ಗಂಟೆ ಮೊಣಕಾಲು ನೋವಿನ ಬಗ್ಗೆ ಮಾತಾಡಿದರು.

ನಾಳೆ ಗೋಕರ್ಣ. ರಥಬೀದಿ ತನಕ ಗಾಡಿ ಹೋಗುತ್ತದೆಯಾ?


ವಾಸ್ಕೋ ಹುಡುಗ

ಬೇಡ ಅಣ್ಣಾ. ಊರ ಹೊರಗೇ ನಿಲ್ಲಿಸಿ, ಆಟೋ ಸಿಗುತ್ತದೆ. ಅಮ್ಮನಿಗೆ ನಡೆಯುವುದು ಕಷ್ಟ ಅಂತ ಮೊದಲೇ ಹೇಳಿದರೆ ಆಟೋದವರು ಎಷ್ಟು ಹತ್ತಿರ ಬಿಡಲು ಆಗುತ್ತೋ ಅಷ್ಟು ಹತ್ತಿರ ಬಿಡುತ್ತಾರೆ.